ಓದು ಹತ್ತದ ಮಗು ದಡ್ಡ ಅಲ್ಲ: ಮನೆಯಲ್ಲೇ ಅಕ್ಷರ, ಲೆಕ್ಕ ಕಲಿಸುವ ಬಗೆ



ಸಾಲದ ಅರ್ಜಿ ಬಂದರೆ ಕಾರಣ ಕೇಳುವುದು ನಮ್ಮ ಎಲ್ಲ ಸಂಘಗಳ ಪದ್ಧತಿ. ಹಸು ತಗೊಳ್ಳೋಕೆ, ಹೊಲಿಗೆ ಮೆಷಿನ್‌ಗೆ, ಮನೆಯ ಹೆಂಚು ಬದಲಾಯಿಸೋಕೆ, ಆಸ್ಪತ್ರೆ ಖರ್ಚಿಗೆ – ಇವೆಲ್ಲ ನಡಾವಳಿ ಪುಸ್ತಕದಲ್ಲಿ ಬರೆದು ಬರೆದು ನಿಮಗೆ ಬಾಯಿಪಾಠ ಆಗಿದೆ. ಎರಡು ವರ್ಷದ ಹಿಂದೆ ಒಂದು ಸಂಘದ ವಾರದ ಸಭೆಯಲ್ಲಿ ಒಬ್ಬ ಸದಸ್ಯೆ ಹತ್ತು ಸಾವಿರ ರೂಪಾಯಿ ಸಾಲ ಕೇಳಿದರು. ನಾಲ್ಕನೇ ತರಗತಿಯಲ್ಲಿದ್ದ ಮಗನನ್ನು ಊರ ಶಾಲೆ ಬಿಡಿಸಿ ಪೇಟೆಯ ಇಂಗ್ಲಿಷ್ ಮೀಡಿಯಂ ಶಾಲೆಗೆ ಹಾಕಬೇಕಂತೆ. "ಇಲ್ಲಿ ಅವನ ತಲೆಗೆ ಏನೂ ಹತ್ತುತ್ತಿಲ್ಲ ಅಕ್ಕಾ, ಅಲ್ಲಾದರೂ ಕಲೀತಾನೇನೋ" ಅಂದರು. ಮುಂದಕ್ಕೆ ಮಾತಾಡಲಾಗದೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಆ ಹುಡುಗ ನಮಗೆ ಗೊತ್ತಿದ್ದವನೇ. ಅಮ್ಮನ ಗೂಡಂಗಡಿಯಲ್ಲಿ ಸಂಜೆ ಕೂರುತ್ತಿದ್ದ. ಐವತ್ತರ ನೋಟು ಕೊಟ್ಟು ಹದಿನೇಳು ರೂಪಾಯಿ ಸಾಮಾನು ತಗೊಂಡರೆ ಮೂವತ್ತಮೂರು ರೂಪಾಯಿ ಚಿಲ್ಲರೆ ತಟ್ಟನೆ ಕೈಗಿಡುತ್ತಿದ್ದ. ಅದೇ ಹುಡುಗನ ಮುಂದೆ ಪಾಠಪುಸ್ತಕ ಇಟ್ಟರೆ ಬೆವರುತ್ತಿದ್ದ. 'ಸೂರ್ಯ' ಅನ್ನೋದನ್ನು 'ಸೂಯರ' ಅಂತ ಓದುತ್ತಿದ್ದ. 'ನೂರ ಐದು' ಬರಿ ಅಂದರೆ 1005 ಅಂತ ಬರೆಯುತ್ತಿದ್ದ. ಶಾಲೆಯಲ್ಲಿ ಏಟು, ಮನೆಯಲ್ಲಿ ಬೈಗುಳ. ಅಪ್ಪ ಗಾರೆ ಕೆಲಸದವರು, "ಐದನೇ ಕ್ಲಾಸು ಮುಗೀಲಿ, ನನ್ನ ಜೊತೆಗೇ ಕರ್ಕೊಂಡು ಹೋಗ್ತೀನಿ" ಅಂತ ತೀರ್ಮಾನ ಮಾಡಿಬಿಟ್ಟಿದ್ದರು.

ಇಲ್ಲಿ ನಮ್ಮ ತಪ್ಪನ್ನೂ ಹೇಳಬೇಕು. ನಾವೇ ನಡೆಸುತ್ತಿದ್ದ ಸಂಜೆ ಪಾಠಕ್ಕೆ ಅವನು ಒಂದು ವರ್ಷ ಬಂದಿದ್ದ. ತಪ್ಪು ಬರೆದ ಪದವನ್ನು ಐವತ್ತು ಸಲ ಬರೆಯಿಸಿದ್ದೆವು. ಐವತ್ತು ಸಲವೂ ತಪ್ಪಾಗಿಯೇ ಬರೆದಿದ್ದ. ಗಮನ ಕೊಡಲ್ಲ, ಸೋಮಾರಿ ಅಂತ ನಾವೂ ಅಂದುಕೊಂಡಿದ್ದೆವು. ಅವನಿಗಿದ್ದದ್ದು ಡಿಸ್ಲೆಕ್ಸಿಯಾ ಎಂಬ ಕಲಿಕೆಯ ತೊಂದರೆ ಅನ್ನುವುದು ಗೊತ್ತಾಗಿದ್ದು ಆಮೇಲೆ.

ಡಿಸ್ಲೆಕ್ಸಿಯಾ ಅಂದರೇನು?

ಮಾತಾಡುವುದನ್ನು ಮಗುವಿಗೆ ಯಾರೂ ಪಾಠ ಮಾಡಿ ಕಲಿಸುವುದಿಲ್ಲ, ಕೇಳಿ ಕೇಳಿ ತಾನೇ ಕಲಿಯುತ್ತದೆ. ಓದು ಹಾಗಲ್ಲ. ಕಣ್ಣಿಗೆ ಕಾಣುವ ಗುರುತನ್ನು ಕಿವಿಗೆ ಕೇಳುವ ದನಿಗೆ ಜೋಡಿಸುವುದನ್ನು ಮಿದುಳು ಹೊಸದಾಗಿ ಕಲಿಯಬೇಕು. ಡಿಸ್ಲೆಕ್ಸಿಯಾ ಇರುವ ಮಗುವಿಗೆ ಈ ಜೋಡಣೆಯೇ ಕಷ್ಟ. ಮಾತಿನೊಳಗಿನ ದನಿಗಳನ್ನು ಬಿಡಿಸಿ ಕೇಳುವುದು, ಅವುಗಳ ಅನುಕ್ರಮ ನೆನಪಿಡುವುದು, ಅಕ್ಷರ ಕಂಡ ಕೂಡಲೇ ಅದರ ದನಿ ಬಾಯಿಗೆ ಬರುವುದು – ಎಲ್ಲವೂ ನಿಧಾನ. ಬುದ್ಧಿ ಕಡಿಮೆ ಅಂತಲ್ಲ. ಕಣ್ಣಿನ ದೋಷವೂ ಅಲ್ಲ. ಬಸುರಿಯಲ್ಲಿ ಗ್ರಹಣ ನೋಡಿದ್ದಕ್ಕೆ, ತಾಯಿ ಏನೋ ತಿಂದಿದ್ದಕ್ಕೆ ಬರುವಂಥದ್ದಂತೂ ಅಲ್ಲವೇ ಅಲ್ಲ. ಆದರೆ ಒಂದೇ ಮನೆತನದಲ್ಲಿ ಇಬ್ಬರು ಮೂವರಿಗೆ ಇರುವುದುಂಟು. "ನಿಮ್ಮ ಮನೆಯಲ್ಲಿ ಬೇರೆ ಯಾರಿಗಾದರೂ ಓದು ಹತ್ತಿರಲಿಲ್ಲವಾ?" ಅಂತ ಕೇಳಿದಾಗ ಆ ಗಾರೆ ಕೆಲಸದ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ನನಗೇ ಹತ್ತಲಿಲ್ಲ" ಅಂದರು.

ಇದೇನು ಈಗಿನ ಕಾಲದ ಹೊಸ ರೋಗ ಅಲ್ಲ. ಡಿಸ್ಲೆಕ್ಸಿಯಾ ಎಂಬ ಹೆಸರನ್ನು ರುಡಾಲ್ಫ್ ಬರ್ಲಿನ್ ಎಂಬ ಜರ್ಮನಿಯ ಕಣ್ಣಿನ ವೈದ್ಯರು 1887ರಲ್ಲೇ ಬಳಸಿದ್ದರು. 1896ರಲ್ಲಿ ಇಂಗ್ಲೆಂಡಿನ ಪ್ರಿಂಗಲ್ ಮಾರ್ಗನ್ ಎಂಬ ವೈದ್ಯರು 14 ವರ್ಷದ ಒಬ್ಬ ಹುಡುಗನ ಬಗ್ಗೆ ಬರೆದರು. ಚುರುಕು ಹುಡುಗ, ಲೆಕ್ಕದಲ್ಲಿ ಗಟ್ಟಿ, ಆದರೆ ಚಿಕ್ಕ ಚಿಕ್ಕ ಪದಗಳನ್ನೂ ಓದಲಾರ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆದರೆ ಶಾಲೆಗೆಲ್ಲ ಇವನೇ ಜಾಣ ಅಂತ ಅವನ ಮೇಷ್ಟ್ರೇ ಹೇಳಿದ್ದರಂತೆ. ನಮ್ಮ ಗೂಡಂಗಡಿಯ ಹುಡುಗನಿಗೂ ಅವನಿಗೂ ಎಷ್ಟು ಹೋಲಿಕೆ ನೋಡಿ. 2007ರಲ್ಲಿ ಬಂದ 'ತಾರೆ ಜಮೀನ್ ಪರ್' ಹಿಂದಿ ಸಿನಿಮಾ ಟಿವಿಯಲ್ಲಿ ಬಂದಾಗ ನಿಮ್ಮಲ್ಲಿ ಹಲವರು ನೋಡಿರಬಹುದು. ಅದರ ಹುಡುಗನ ತೊಂದರೆಯೂ ಇದೇ.

ನೂರು ಮಕ್ಕಳಲ್ಲಿ ಐದರಿಂದ ಹತ್ತು ಮಕ್ಕಳಿಗೆ ಹೆಚ್ಚು ಕಡಿಮೆ ಈ ತೊಂದರೆ ಇರುತ್ತದೆ ಅಂತ ತಜ್ಞರ ಅಂದಾಜು. ಅಂದರೆ ನಿಮ್ಮ ಸಂಘದ ಇಪ್ಪತ್ತು ಮನೆಗಳಲ್ಲಿ ಒಂದೆರಡು ಮನೆಯಲ್ಲಿ ಇಂಥ ಮಗು ಇರಬಹುದು. ಮದ್ದಿನಿಂದ ಇದು ಹೋಗುವುದಿಲ್ಲ. ನೆನಪಿನ ಶಕ್ತಿಯ ಟಾನಿಕ್ ಅಂತ ಮಾರುವವರಿಗೆ ದಯವಿಟ್ಟು ಸಂಘದ ದುಡ್ಡು ಕೊಡಬೇಡಿ. ಆ ದುಡ್ಡಿಗೆ ಮೊಟ್ಟೆ ತಂದು ಬೇಯಿಸಿ ಕೊಡಿ. ಕಲಿಸುವ ಬಗೆ ಬದಲಾದರೆ ಮಗು ಕಲಿಯುತ್ತದೆ, ನಿಧಾನವಾಗಿ, ಆದರೆ ಖಂಡಿತ ಕಲಿಯುತ್ತದೆ.

ಗುರುತಿಸುವುದು ಹೇಗೆ?

ಅವಸರ ಬೇಡ. ನಮ್ಮ ಕನ್ನಡದ ಅಕ್ಷರ 49 ಅಂತ ಹೇಳುತ್ತೇವೆ. ಆದರೆ ಕಾಗುಣಿತ, ಒತ್ತಕ್ಷರ ಸೇರಿದರೆ ಮಗು ಗುರುತಿಸಬೇಕಾದ ರೂಪಗಳು ನೂರಾರು. ಕನ್ನಡ ಶಾಲೆಯ ಮಕ್ಕಳು ಓದು ಕಲಿಯುವುದನ್ನು ಬೆಂಗಳೂರಿನ ಸಂಶೋಧಕಿ ಸೊನಾಲಿ ನಾಗ್ ಅಭ್ಯಾಸ ಮಾಡಿ 2007ರಲ್ಲಿ ಪ್ರಕಟಿಸಿದರು. ಯಾವ ತೊಂದರೆಯೂ ಇಲ್ಲದ ಮಕ್ಕಳಿಗೂ ಅಕ್ಷರಗಳೆಲ್ಲ ಹಿಡಿತಕ್ಕೆ ಬರಲು ನಾಲ್ಕನೇ ತರಗತಿಯವರೆಗೂ, ಕೆಲವರಿಗೆ ಅದಕ್ಕೂ ಮುಂದೆ ಬೇಕಾಗುತ್ತದೆ ಅಂತ ಅದರಲ್ಲಿ ಕಂಡುಬಂತು. ಆದ್ದರಿಂದ ಎರಡನೇ ತರಗತಿಯ ಮಗು ಒತ್ತಕ್ಷರ ತಪ್ಪಿದರೆ ಗಾಬರಿಯಾಗಬೇಕಾಗಿಲ್ಲ. ಮನೆಯಲ್ಲಿ ತುಳು, ಕೊಂಕಣಿ, ಲಂಬಾಣಿ, ತೆಲುಗು ಮಾತಾಡುವ ಮಗುವಿಗೆ ಶಾಲೆಯ ಕನ್ನಡ ಹತ್ತಲು ಒಂದಿಷ್ಟು ಕಾಲ ಬೇಕು, ಅದೂ ಡಿಸ್ಲೆಕ್ಸಿಯಾ ಅಲ್ಲ. ಶಾಲೆಗೆ ಸರಿಯಾಗಿ ಹೋಗದ ಮಗುವಿಗೆ ಓದು ಬಾರದಿದ್ದರೆ ಅದಕ್ಕೆ ಕಾರಣವೇ ಬೇರೆ. ಮೊದಲು ಕಣ್ಣು, ಕಿವಿ ತೋರಿಸಿ.

ಇಷ್ಟೆಲ್ಲ ಸರಿ ಇದ್ದು, ದಿನಾ ಶಾಲೆಗೆ ಹೋಗಿಯೂ, ಮೂರನೇ ತರಗತಿಯಾದರೂ ಕಲಿತ ಅಕ್ಷರ ಮಾರನೇ ದಿನ ಮರೆತುಹೋಗುತ್ತಿದ್ದರೆ ಯೋಚಿಸಬೇಕು. ಬ–ಭ, ದ–ಧ–ಥ, ಪ–ಷ–ಫ, ರ–ಠ ಕಲಸುಮೇಲೋಗರ ಆಗುವುದು. 'ಕಮಲ' ಅನ್ನುವುದು 'ಕಲಮ' ಆಗುವುದು. ಮೊದಲ ಅಕ್ಷರ ನೋಡಿ ಉಳಿದದ್ದನ್ನು ಊಹೆ ಮಾಡಿ ಹೇಳಿಬಿಡುವುದು. ವಾರದ ದಿನಗಳನ್ನು ಸಾಲಾಗಿ ಹೇಳಲು ಬಾರದಿರುವುದು. ಎಡ ಬಲ ತಿಳಿಯದಿರುವುದು. ಇದರಲ್ಲಿ ಒಂದೆರಡು ಎಲ್ಲ ಮಕ್ಕಳಲ್ಲೂ ಇರುತ್ತವೆ. ಹಲವು ಒಟ್ಟಿಗೆ ಇದ್ದು, ವರ್ಷಗಟ್ಟಲೆ ಹೋಗದಿದ್ದರೆ ಪರೀಕ್ಷೆ ಮಾಡಿಸಬೇಕು. ಇನ್ನೊಂದು ಬಗೆಯ ಮಕ್ಕಳಿದ್ದಾರೆ. ಇವರು ತಪ್ಪಿಲ್ಲದೆ ಓದುತ್ತಾರೆ, ಆದರೆ ಒಂದು ಸಾಲಿಗೆ ಎರಡು ನಿಮಿಷ. ಕನ್ನಡದಲ್ಲಿ ಬರೆದಂತೆಯೇ ಓದುವುದರಿಂದ ಅಕ್ಷರ ಕೂಡಿಸಿ ಕೂಡಿಸಿ ಹೇಗೋ ದಡ ಸೇರುತ್ತಾರೆ, ಅಷ್ಟರಲ್ಲಿ ಸಾಲಿನ ಆರಂಭದಲ್ಲಿ ಏನಿತ್ತೆಂದು ಮರೆತಿರುತ್ತದೆ. ಇಂಥ ಮಕ್ಕಳು ಯಾರ ಕಣ್ಣಿಗೂ ಬೀಳುವುದಿಲ್ಲ, ಹೆಣ್ಣುಮಕ್ಕಳಾದರಂತೂ ಇನ್ನೂ ಇಲ್ಲ. "ಪಾಪ, ಸುಮ್ಮನೆ ಕೂತಿರ್ತಾಳೆ" ಅಂತ ಬಿಟ್ಟುಬಿಡುತ್ತಾರೆ.

ಇಂಗ್ಲಿಷ್ ಮೀಡಿಯಂಗೆ ಹಾಕಿದರೆ ಸರಿ ಹೋಗುತ್ತದಾ ಅಂದರೆ, ಇಲ್ಲ. ಇಂಗ್ಲಿಷಿನಲ್ಲಿ ಒಂದೇ ಅಕ್ಷರ ಒಂದೊಂದು ಪದದಲ್ಲಿ ಒಂದೊಂದು ದನಿ ಕೊಡುತ್ತದೆ. ಆಡುವ ಮಾತಿನಲ್ಲೇ ಅಕ್ಷರ ಕೂಡಿಸಲಾರದ ಮಗು ಆಡದ ಮಾತಿನಲ್ಲಿ ಹೇಗೆ ಕೂಡಿಸೀತು? ಅದಕ್ಕೇ ಆ ಸಭೆಯಲ್ಲಿ "ಸಾಲ ಸ್ವಲ್ಪ ತಡೀರಿ" ಅಂತ ನಾವು ಹೇಳಿದ್ದು.

ಬಾಯಿ ಮೊದಲು, ಪುಸ್ತಕ ಆಮೇಲೆ

"ನಾನೇ ಓದಿಲ್ಲ, ಇನ್ನು ಅವನಿಗೆ ಏನು ಕಲಿಸಲಿ?" ಅಂತ ತಾಯಂದಿರು ಕೇಳುತ್ತಾರೆ. ಮೊದಲ ಪಾಠಕ್ಕೆ ಅಕ್ಷರವೇ ಬೇಡ, ಕಿವಿ ಸಾಕು. ಸೊಪ್ಪು ಬಿಡಿಸುವಾಗ, ಪಾತ್ರೆ ತೊಳೆಯುವಾಗ ಮಾಡಬಹುದು. ಪದ ಹೇಳಿ ಚಪ್ಪಾಳೆ ತಟ್ಟಿ: ಕ-ಮ-ಲ, ಮೂರು ಚಪ್ಪಾಳೆ. ಮ-ನೆ, ಎರಡು. ಆಮೇಲೆ, ಮರ, ಮನೆ, ಗಿಡ – ಮೂರರಲ್ಲಿ ಬೇರೆ ದನಿಯಿಂದ ಶುರುವಾಗುವುದು ಯಾವುದು? ಇದು ಬಂದ ಮೇಲೆ ದನಿ ತೆಗೆಯುವ ಆಟ. 'ಕೈಚೀಲ'ದಲ್ಲಿ 'ಕೈ' ತೆಗೆದರೆ? 'ಅರಮನೆ'ಯಲ್ಲಿ 'ಅರ' ತೆಗೆದರೆ? 'ಅರಸ'ದಲ್ಲಿ 'ಅ' ತೆಗೆದರೆ? 'ಮರಳು' ಅನ್ನುವುದರಲ್ಲಿ 'ಳು' ತೆಗೆದರೆ? ಉಳಿದ ಮಕ್ಕಳಿಗೆ ಇದು ನೀರು ಕುಡಿದಷ್ಟು ಸುಲಭ. ಡಿಸ್ಲೆಕ್ಸಿಯಾ ಇರುವ ಮಗುವಿಗೆ ನಿಜವಾದ ಕಷ್ಟ ಇಲ್ಲೇ ಇರುವುದು. ಆದ್ದರಿಂದ ಬೇಗ ಬೇಗ ಮುಂದೆ ಹೋಗಬೇಡಿ. ('ಕಮಲ'ದಲ್ಲಿ 'ಕ' ತೆಗೆಯಲು ಹೇಳಿ ನಮ್ಮ ಕಾರ್ಯಕರ್ತೆಯೊಬ್ಬರು ಮಕ್ಕಳಿಂದ ನಗೆಪಾಟಲಾದರು, ಪದ ಆರಿಸುವಾಗ ಸ್ವಲ್ಪ ಎಚ್ಚರ.)

ಅಕ್ಷರಕ್ಕೆ ಬಂದಾಗ ಕಣ್ಣು, ಕಿವಿ, ಬಾಯಿ, ಕೈ ನಾಲ್ಕೂ ಒಟ್ಟಿಗೆ ಕೆಲಸ ಮಾಡಬೇಕು. ಮೊರದಲ್ಲಿ ಅಥವಾ ತಟ್ಟೆಯಲ್ಲಿ ರಾಗಿಯನ್ನೋ ಮರಳನ್ನೋ ಹರಡಿ. ಮಗು ಬೆರಳಿನಿಂದ ದೊಡ್ಡದಾಗಿ ಅಕ್ಷರ ಬರೆಯಲಿ. ಬರೆಯುತ್ತಾ ಅದರ ದನಿಯನ್ನು ಜೋರಾಗಿ ಹೇಳಲಿ. ಸುಮ್ಮನೆ ಬರೆದರೆ ಉಪಯೋಗ ಇಲ್ಲ, ಕೈ ಮತ್ತು ಬಾಯಿ ಒಟ್ಟಿಗೇ ಆಡಬೇಕು. ನಮ್ಮ ಹಿರಿಯರ ಕೂಲಿಮಠಗಳಲ್ಲಿ ಮಕ್ಕಳು ಮರಳ ಮೇಲೆ ಬೆರಳಲ್ಲಿ ತಿದ್ದಿಯೇ ಅಕ್ಷರ ಕಲಿಯುತ್ತಿದ್ದರು. ಇಟಲಿಯ ಮರಿಯಾ ಮಾಂಟೆಸ್ಸೊರಿ 1907ರಲ್ಲಿ ರೋಮ್ ನಗರದ ಬಡವರ ಕೇರಿಯಲ್ಲಿ ಮಕ್ಕಳ ಮನೆ ತೆರೆದರು. ಅವರು ಉಪ್ಪುಕಾಗದದಲ್ಲಿ ಅಕ್ಷರ ಕತ್ತರಿಸಿ ಅಂಟಿಸಿ ಮಕ್ಕಳ ಬೆರಳು ಆಡಿಸಿದ್ದು ಇದೇ ಕಾರಣಕ್ಕೆ. ಉಪ್ಪುಕಾಗದ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಸಿಗದಿದ್ದರೆ ರಟ್ಟಿನ ಮೇಲೆ ಗೋಂದಿನಿಂದ ಅಕ್ಷರ ಬರೆದು ಮೇಲೆ ರವೆ ಉದುರಿಸಿ ಒಣಗಿಸಿ.

ಯಾವ ಅಕ್ಷರದಿಂದ ಶುರು ಮಾಡಬೇಕು? ನಾವೆಲ್ಲ ಅ, ಆ, ಇ, ಈ ಅಂತ ಕಲಿತವರು. ಈಗ ಸರ್ಕಾರಿ ಶಾಲೆಯ ನಲಿಕಲಿಯಲ್ಲಿ ರ, ಗ, ಸ, ದ, ಅ ಅಂತ ಶುರುವಾಗುತ್ತದೆ, ಆಮೇಲೆ ಜ, ವ, ಮ, ಬ, ನ. ಮನೆಯಲ್ಲಿ ಒಂದು ಕ್ರಮ, ಶಾಲೆಯಲ್ಲಿ ಇನ್ನೊಂದು ಕ್ರಮ ಆದರೆ ಈ ಮಗು ಎರಡರ ನಡುವೆ ಸಿಕ್ಕಿಕೊಳ್ಳುತ್ತದೆ. ಶಾಲೆಗೆ ಹೋಗಿ ಟೀಚರಮ್ಮನನ್ನು ಕೇಳಿ, ಅದೇ ಕ್ರಮ ಹಿಡಿಯಿರಿ. ಒಂದು ವಾರಕ್ಕೆ ಎರಡು ಹೊಸ ಅಕ್ಷರ ಸಾಕು, ಹಳೆಯವು ದಿನಾ ಬರಲಿ. ಒಂದೇ ಥರ ಕಾಣುವ ಜೋಡಿಗಳನ್ನು ಒಟ್ಟಿಗೆ ಕಲಿಸಬೇಡಿ. 'ಬ' ಗಟ್ಟಿಯಾಗಿ ಕೂತ ಮೇಲೆ, ನಾಲ್ಕು ವಾರ ಬಿಟ್ಟು 'ಭ' ತನ್ನಿ. ಕಲಿತ ಅಕ್ಷರದಿಂದ ಕೂಡಲೇ ಪದ ಕಟ್ಟಿಸಿ: ರ, ಗ, ಸ, ದ, ಅ ಬಂದರೆ 'ಸರ', 'ರಸ', 'ಅರಸ', 'ದರ' ಎಲ್ಲ ಬಂತು. ಐದು ಅಕ್ಷರದಲ್ಲಿ ತಾನು ಪದ ಓದಿದೆ ಅನ್ನುವ ಸಂತೋಷ ಆ ಮಗುವಿಗೆ ಬಹಳ ದೊಡ್ಡದು.

ಕಾಗುಣಿತದ ವಿಚಾರದಲ್ಲಿ ಒಂದು ಮೋಸ ಇದೆ. ಕ ಕಾ ಕಿ ಕೀ ಅಂತ ಮಗು ರಾಗವಾಗಿ ಹೇಳುತ್ತದೆ, ನಾವು ಬಂತು ಅಂದುಕೊಳ್ಳುತ್ತೇವೆ. ಉಳಿದದ್ದನ್ನು ಕೈಯಿಂದ ಮುಚ್ಚಿ 'ಕೂ' ಒಂದನ್ನೇ ತೋರಿಸಿ ಕೇಳಿ ನೋಡಿ. ಎಷ್ಟೋ ಮಕ್ಕಳು ಕ-ದಿಂದ ಶುರು ಮಾಡಿ ಎಣಿಸಿಕೊಂಡೇ ಅಲ್ಲಿಗೆ ಬರಬೇಕು. ಬಾಯಿಪಾಠ ಬಂದಿದೆ, ಓದು ಬಂದಿಲ್ಲ. ಅದಕ್ಕಾಗಿ ಅಡ್ಡಸಾಲು ಬಿಟ್ಟು ಉದ್ದಸಾಲಿನಲ್ಲಿ ಕಲಿಸಿ. ಒಂದು ವಾರ ಇಳಿ ಮಾತ್ರ: ಕಾ, ಗಾ, ರಾ, ಸಾ, ಮಾ. ಮುಂದಿನ ವಾರ ಗುಡಿಸು ಮಾತ್ರ: ಕಿ, ಗಿ, ರಿ, ಸಿ, ಮಿ. ಗುಣಿತದ ಗುರುತನ್ನು ಕೆಂಪು ಬಣ್ಣದಲ್ಲಿ ಬರೆದರೆ ಕಣ್ಣು ಅಲ್ಲಿಗೇ ಹೋಗುತ್ತದೆ. ಹ್ರಸ್ವ–ದೀರ್ಘಕ್ಕೆ ಕೈ ಆಡಿಸಿ: 'ಕಿ'ಗೆ ಚಿಟಿಕೆ, 'ಕೀ'ಗೆ ಕೈ ಉದ್ದಕ್ಕೆ ಎಳೆಯುವುದು.

ಒತ್ತಕ್ಷರ ಎಲ್ಲಕ್ಕಿಂತ ಕಷ್ಟ. ಆದರೆ ಅದರಲ್ಲೂ ಸುಲಭದ್ದು, ಕಷ್ಟದ್ದು ಅಂತಿದೆ. ಹಗ್ಗ, ಹಬ್ಬ, ಅಕ್ಕ, ಅಪ್ಪ ಇವುಗಳಲ್ಲಿ ಕೆಳಗಿರುವ ಒತ್ತು ಮೇಲಿನ ಅಕ್ಷರವನ್ನೇ ಹೋಲುತ್ತದೆ, ತಲೆಕಟ್ಟು ಇಲ್ಲ ಅಷ್ಟೇ. ಇವುಗಳಿಂದ ಶುರು ಮಾಡಿ. ತ, ನ, ಮ, ಯ, ರ, ಲ ಈ ಆರರ ಒತ್ತಿಗೆ ಮಾತ್ರ ಮೂಲ ಅಕ್ಷರದ ಹೋಲಿಕೆಯೇ ಇಲ್ಲ, ಇವನ್ನು ಹೊಸ ಅಕ್ಷರ ಅಂತಲೇ ಕಲಿಸಬೇಕು. ಹಾಗಾಗಿ ಮಗು ಮೊದಲು ಕಲಿಯುವ 'ಅಮ್ಮ' ಎಂಬ ಮಾತು ಓದುವಾಗ 'ಅಪ್ಪ'ನಿಗಿಂತ ಕಷ್ಟ! ಇನ್ನು ಅರ್ಕಾವೊತ್ತು. 'ಸೂರ್ಯ' ಅನ್ನುವಾಗ ಬಾಯಲ್ಲಿ 'ರ್' ಮೊದಲು ಬರುತ್ತದೆ, ಬರವಣಿಗೆಯಲ್ಲಿ ಅದರ ಗುರುತು 'ಯ' ಆದ ಮೇಲೆ ನಿಂತಿರುತ್ತದೆ. ಕಂಡ ಹಾಗೆ ಓದಿದರೆ 'ಸೂಯರ' ಅಂತಲೇ ಆಗಬೇಕು. ಅಂದರೆ ಆ ಹುಡುಗ ತಾನು ಕಂಡದ್ದನ್ನು ಸರಿಯಾಗಿಯೇ ಓದಿದ್ದ. ಅದಕ್ಕೆ ಅವನಿಗೆ ಏಟು ಬಿದ್ದಿತ್ತು. ಅರ್ಕಾವೊತ್ತು ಕಂಡಾಗ ಹಿಂದಕ್ಕೆ ಹಾರಬೇಕು ಅಂತ ಬಾಣದ ಗುರುತು ಹಾಕಿಕೊಟ್ಟೆವು. ಹತ್ತು ದಿನದಲ್ಲಿ ಸೂರ್ಯ, ಕಾರ್ಯ, ವರ್ಷ ಸರಿಯಾಯಿತು.

ಓದಿಸುವಾಗ ಒಂದು ಸಾಲಿನ ಕೆಳಗೆ ರಟ್ಟಿನ ತುಂಡು ಇಟ್ಟು ಉಳಿದದ್ದನ್ನು ಮುಚ್ಚಿ. ಸಾಬೂನಿನ ಕಾಗದ, ಬಸ್ಸಿನ ಬೋರ್ಡು, ರೇಷನ್ ಕಾರ್ಡಿನ ಹೆಸರು, ನಿಮ್ಮ ಸಂಘದ ಫಲಕ – ಎಲ್ಲವೂ ಪಾಠಪುಸ್ತಕವೇ. ತಪ್ಪಿದರೆ ಸರಿಯಾದದ್ದನ್ನು ಮೆಲ್ಲಗೆ ಹೇಳಿ ಮುಂದೆ ಹೋಗಿ. ದಿನಕ್ಕೆ ಇಪ್ಪತ್ತು ನಿಮಿಷ ಸಾಕು, ಆದರೆ ದಿನಾ ಆಗಬೇಕು. ಭಾನುವಾರ ಮೂರು ಗಂಟೆ ಕೂರಿಸಿದರೆ ಅಳು ಬರುತ್ತದೆ, ಓದು ಬರುವುದಿಲ್ಲ. ನೆಂಟರ ಮುಂದೆ ಓದು ಅಂತ ನಿಲ್ಲಿಸಬೇಡಿ. "ನಿನ್ನ ತಂಗಿ ನೋಡು" ಅನ್ನಬೇಡಿ.

ಲೆಕ್ಕಕ್ಕೆ ನಮ್ಮ ಸಂಘದ ಪೆಟ್ಟಿಗೆ

ಓದಿನ ತೊಂದರೆ ಇರುವ ಮಕ್ಕಳಲ್ಲಿ ಹಲವರಿಗೆ ಲೆಕ್ಕವೂ ತೊಡಕು. ಕೆಲವರಿಗೆ ಸಂಖ್ಯೆಯ ಅಂದಾಜೇ ಹತ್ತುವುದಿಲ್ಲ, ಅದಕ್ಕೆ ಡಿಸ್ಕ್ಯಾಲ್ಕುಲಿಯಾ ಅಂತ ಬೇರೆ ಹೆಸರಿದೆ. ಆದರೆ ನಮ್ಮ ಹುಡುಗನಂಥವರಿಗೆ ಲೆಕ್ಕ ತಲೆಯಲ್ಲಿ ಸರಿಯಾಗಿರುತ್ತದೆ, ಕಾಗದದ ಮೇಲೆ ಕೆಡುತ್ತದೆ. ಯಾಕೆ ಅಂದರೆ ಮಗ್ಗಿ ಅನುಕ್ರಮವಾಗಿ ನೆನಪಿರುವುದಿಲ್ಲ, 6 ಮತ್ತು 9 ತಲೆಕೆಳಗಾಗುತ್ತವೆ, ಲೆಕ್ಕದ ಪ್ರಶ್ನೆಯನ್ನೇ ಓದಲು ಬರುವುದಿಲ್ಲ. ಇದರ ಮೇಲೆ ಓದುವುದು ಎಡದಿಂದ ಬಲಕ್ಕೆ, ಕೂಡಿಸಿ ಕಳೆಯುವುದು ಬಲದಿಂದ ಎಡಕ್ಕೆ. ನಮಗೆ ರೂಢಿಯಾಗಿ ಇದು ಗಮನಕ್ಕೇ ಬರುವುದಿಲ್ಲ.

ಈ ಪಾಠಕ್ಕೆ ನಿಮಗಿಂತ ಒಳ್ಳೆಯ ಟೀಚರ್ ಇಲ್ಲ. ವಾರ ವಾರ ಉಳಿತಾಯ ಎಣಿಸುವ ಕೈ ನಿಮ್ಮದು. ಚಾಪೆಯ ಮೇಲೆ ಸೀಮೆಸುಣ್ಣದಲ್ಲಿ ಮೂರು ಮನೆ ಬರೆಯಿರಿ: ನೂರು, ಹತ್ತು, ಬಿಡಿ. 'ನೂರ ಐದು' ಅಂದಾಗ ಮಗು ನೂರರ ಮನೆಯಲ್ಲಿ ಒಂದು ನೂರರ ನೋಟು, ಬಿಡಿಯ ಮನೆಯಲ್ಲಿ ಐದು ಒಂದು ರೂಪಾಯಿ ನಾಣ್ಯ ಇಡುತ್ತದೆ. ಹತ್ತರ ಮನೆ ಖಾಲಿ. "ಖಾಲಿ ಮನೆಗೆ ಏನು ಬರೀತೀಯ?" ಸೊನ್ನೆ. 1, 0, 5. ಕೇಳಿದ ಹಾಗೆ ಬರೆದರೆ 'ನೂರು' 100, 'ಐದು' 5, ಸೇರಿ 1005. ಈ ತಪ್ಪಿನಲ್ಲೂ ಒಂದು ನ್ಯಾಯ ಇದೆ. ಬೈದರೆ ಹೋಗುವುದಿಲ್ಲ, ಮನೆಗಳನ್ನು ಕಣ್ಣಿಗೆ ತೋರಿಸಿದರೆ ಹೋಗುತ್ತದೆ.

ಕಳೆಯುವ ಲೆಕ್ಕದಲ್ಲಿ 'ದಶಕ ತಗೊಳ್ಳೋದು' ಅಂತ ಬರುತ್ತದಲ್ಲ, ಅಲ್ಲೇ ಮಕ್ಕಳು ಬೀಳುವುದು. 52ರಲ್ಲಿ 17 ಕಳೆಯಬೇಕು. ಐದು ಹತ್ತರ ನೋಟು, ಎರಡು ನಾಣ್ಯ ಇಡಿ. ಏಳು ನಾಣ್ಯ ಕೊಡಬೇಕು, ಇರುವುದು ಎರಡೇ. ಏನು ಮಾಡ್ತೀವಿ? ಒಂದು ಹತ್ತರ ನೋಟಿಗೆ ಚಿಲ್ಲರೆ ಮಾಡಿಸ್ತೀವಿ. ಈಗ ನಾಲ್ಕು ನೋಟು, ಹನ್ನೆರಡು ನಾಣ್ಯ. ಒಂದು ನೋಟು, ಏಳು ನಾಣ್ಯ ಕೊಟ್ಟರೆ ಉಳಿಯುವುದು ಮೂರು ನೋಟು, ಐದು ನಾಣ್ಯ. 35. ಹೀಗೆ ಕೈಯಲ್ಲಿ ಹತ್ತಾರು ಸಲ ಮಾಡಿದ ಮೇಲೆ, ಮಾಡಿದ್ದನ್ನೇ ಪಕ್ಕದಲ್ಲಿ ಬರೆಯುತ್ತಾ ಹೋಗಲಿ. ನೋಟು, ಚಿಲ್ಲರೆ ಮನೆಯಲ್ಲಿ ಇಲ್ಲದಿದ್ದರೆ ಹುಣಸೆ ಬೀಜ ಬಿಡಿಯಾಗಲಿ, ಹತ್ತು ಹತ್ತು ಕಡ್ಡಿಗೆ ರಬ್ಬರ್ ಬ್ಯಾಂಡ್ ಹಾಕಿದ ಕಟ್ಟು ಹತ್ತಾಗಲಿ. ಬರೆಯಲು ಚೌಕುಳಿ ಇರುವ ಲೆಕ್ಕದ ಪುಸ್ತಕ ಕೊಡಿಸಿ, ಒಂದು ಚೌಕಕ್ಕೆ ಒಂದೇ ಅಂಕಿ. ಸಾಲು ತಪ್ಪುವುದು ಅರ್ಧ ಕಡಿಮೆಯಾಗುತ್ತದೆ.

ಮಗ್ಗಿ ಬಾಯಿಪಾಠಕ್ಕೆ ಹಟ ಮಾಡಬೇಡಿ. 2, 5, 10ರ ಮಗ್ಗಿ ಗಟ್ಟಿ ಮಾಡಿಸಿ, ಉಳಿದದ್ದನ್ನು ಅವುಗಳಿಂದ ಕಟ್ಟಿಕೊಳ್ಳಲಿ. ಆರು ಏಳಲಿ ಎಷ್ಟು? ಐದು ಏಳಲಿ 35, ಇನ್ನೊಂದು ಏಳು ಸೇರಿಸಿದರೆ 42. ಒಂಬತ್ತು ಏಳಲಿ? ಹತ್ತು ಏಳಲಿ 70, ಒಂದು ಏಳು ತೆಗೆದರೆ 63. ನಿಧಾನ ಆದರೂ ಸರಿ, ಮರೆತುಹೋದರೂ ದಾರಿ ಗೊತ್ತಿರುತ್ತದೆ. ರಜೆಯಲ್ಲಿ ಚೌಕಾಬಾರ, ಅಳಗುಳಿಮಣೆ ಆಡಿಸಿ. ಚುಕ್ಕಿ ರಂಗೋಲಿ ಗಂಡುಮಕ್ಕಳಿಂದಲೂ ಹಾಕಿಸಿ. ಎಣಿಕೆ, ಎಡ ಬಲ, ಸಾಲು ಹಿಡಿಯುವುದು ಎಲ್ಲ ಅದರಲ್ಲಿದೆ.

ಪರೀಕ್ಷೆ, ಸರ್ಟಿಫಿಕೇಟು, ಹಕ್ಕು

1995ರ ಅಂಗವಿಕಲರ ಕಾಯ್ದೆಯಲ್ಲಿ ಈ ಮಕ್ಕಳ ಹೆಸರೇ ಇರಲಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ನ್ಯೂನತೆಗಳನ್ನು ಸೇರಿಸಿದಾಗ ನಿರ್ದಿಷ್ಟ ಕಲಿಕಾ ನ್ಯೂನತೆ ಎಂಬ ಹೆಸರಿನಲ್ಲಿ ಇದೂ ಸೇರಿತು. ಸರ್ಟಿಫಿಕೇಟು ಮಗುವಿಗೆ ಎಂಟು ವರ್ಷ ತುಂಬಿದ ಮೇಲೆಯೇ ಕೊಡುವುದು. ಕಲಿಸಲು ಮಾತ್ರ ಎಂಟು ವರ್ಷದವರೆಗೆ ಕಾಯಬೇಡಿ. ಸರ್ಟಿಫಿಕೇಟು ಇದ್ದರೆ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆದುಕೊಡುವವರ ಸಹಾಯ ಕೇಳಬಹುದು. ಪರೀಕ್ಷೆ ಹತ್ತಿರ ಬಂದಾಗ ಓಡಾಡಿದರೆ ಆಗುವುದಿಲ್ಲ, ಎಂಟು, ಒಂಬತ್ತನೇ ತರಗತಿಯಲ್ಲೇ ಮುಖ್ಯೋಪಾಧ್ಯಾಯರ ಹತ್ತಿರ ಮಾತಾಡಿ.

ಮೊದಲ ಮಾತು ಕ್ಲಾಸ್ ಟೀಚರ್ ಜೊತೆ. ಕ್ಷೇತ್ರ ಸಂಪನ್ಮೂಲ ಕೇಂದ್ರ, ಅಂದರೆ ಬಿ.ಆರ್.ಸಿ.ಯಲ್ಲಿ ವಿಶೇಷ ಅಗತ್ಯದ ಮಕ್ಕಳಿಗಾಗಿ ಸಂಪನ್ಮೂಲ ಶಿಕ್ಷಕರಿರುತ್ತಾರೆ, ಅವರನ್ನು ಕೇಳಿ. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಎರಡರಲ್ಲೂ ಈ ಪರೀಕ್ಷೆ ನಡೆಯುತ್ತದೆ. ಹೋಗುವಾಗ ಮಗುವಿನ ಹಳೆಯ ನೋಟ್‌ಪುಸ್ತಕಗಳು, ಅಂಕಪಟ್ಟಿ, ಕಣ್ಣು ಕಿವಿ ತಪಾಸಣೆಯ ಚೀಟಿ ತಗೊಂಡು ಹೋಗಿ. ಮನೆಯಲ್ಲಿ ಯಾವ ಭಾಷೆ, ಶಾಲೆಯಲ್ಲಿ ಯಾವ ಭಾಷೆ ಅಂತ ಮರೆಯದೆ ಹೇಳಿ.

ಏಟಿನ ವಿಚಾರ. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಯಲ್ಲಿ ಮಗುವನ್ನು ಹೊಡೆಯುವುದನ್ನೂ, ಮನಸ್ಸಿಗೆ ಹಿಂಸೆ ಮಾಡುವುದನ್ನೂ ನಿಷೇಧಿಸಿದೆ. ಒಬ್ಬರೇ ಹೋಗಿ ಹೇಳಲು ಹೆದರಿಕೆ ಆದರೆ ಸಂಘದಿಂದ ನಾಲ್ಕು ಜನ ಹೋಗಿ. ಜಗಳಕ್ಕಲ್ಲ, ಮಾತಾಡೋಕೆ. ನಾವು ಆ ಹುಡುಗನ ಶಾಲೆಗೆ ಹಾಗೇ ಹೋದೆವು. ಅರವತ್ತು ಮಕ್ಕಳಿಗೆ ಇಬ್ಬರೇ ಇದ್ದ ಆ ಶಾಲೆಯಲ್ಲಿ ಮೇಷ್ಟ್ರಿಗೂ ಡಿಸ್ಲೆಕ್ಸಿಯಾ ಬಗ್ಗೆ ಯಾರೂ ಹೇಳಿರಲಿಲ್ಲ. ಪ್ರಶ್ನೆಯನ್ನು ಓದಿ ಹೇಳುತ್ತೇವೆ, ಉತ್ತರವನ್ನು ಬಾಯಲ್ಲೂ ತಗೋತೀವಿ ಅಂತ ಒಪ್ಪಿಕೊಂಡರು.

ಹತ್ತು ಸಾವಿರ ಸಾಲದ ಅರ್ಜಿಯನ್ನು ಆ ತಾಯಿ ವಾಪಸ್ ತಗೊಂಡರು. ಪರೀಕ್ಷೆಗೆ ಹೋಗಿ ಬರುವ ಬಸ್ ಚಾರ್ಜು, ಎರಡು ದಿನದ ಕೂಲಿ ನಷ್ಟಕ್ಕೆ ಅಂತ ಸಂಘ ಎರಡು ಸಾವಿರ ಕೊಟ್ಟಿತು, ಅದು ತೀರಿದೆ. ಹುಡುಗ ಈಗ ಆರನೇ ತರಗತಿ. ಓದು ಇನ್ನೂ ನಿಧಾನ, ಬರೆಯುವಾಗ ಮಹಾಪ್ರಾಣ ಇವತ್ತಿಗೂ ತಪ್ಪುತ್ತಾನೆ. ಅಪ್ಪ ಗಾರೆ ಕೆಲಸದ ಮಾತು ಎತ್ತುತ್ತಿಲ್ಲ. ಅವನ ತಂಗಿಗೆ ನಾಲ್ಕೂವರೆ ವರ್ಷ, ಅಂಗನವಾಡಿಗೆ ಹೋಗುತ್ತಾಳೆ, ಶಿಶುಗೀತೆಯ ಪ್ರಾಸ ಅವಳಿಗೂ ಹಿಡಿಯುತ್ತಿಲ್ಲವಂತೆ. ಹೋದ ತಿಂಗಳ ಸಭೆಗೆ ತಾಯಿ ಅವಳನ್ನೂ ಕರೆದುಕೊಂಡು ಬಂದಿದ್ದರು. ಉಳಿತಾಯದ ದುಡ್ಡು ಎಣಿಕೆ ನಡೆಯುತ್ತಿದ್ದಾಗ ಮೂಲೆಯಲ್ಲಿ ಅಣ್ಣ ತಂಗಿ ಕೂತು ಚಪ್ಪಾಳೆ ತಟ್ಟುತ್ತಿದ್ದರು: ಅ-ವ-ರೆ, ಮೂರು. ರಾ-ಗಿ, ಎರಡು.